ಹತ್ತಕ್ಕೆ ಒಂದು

"ನೀವು ಬೇಕಂತಲೇ ತಪ್ಪು ಒತ್ತಿದ್ರಿ. ಅಲ್ವಾ?"

ಶಿವಮೊಗ್ಗದ ತರಬೇತಿ ಸಭಾಂಗಣದ ಹೊರಗೆ, ಟೀ ಕ್ಯಾನಿನ ಪಕ್ಕದಲ್ಲಿ, ರಂಜಿನಿ ಆ ಮನುಷ್ಯನಿಗೆ ಅಡ್ಡವಾಗಿ ನಿಂತು ಕೇಳಿದಳು. 

ಅವನು ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲಿಟ್ಟ. ಎತ್ತರದ ಆಳು, ಅಗಲ ಭುಜ, ನಗುವುದನ್ನೇ ಮರೆತಂಥ ಮುಖ. ಹೆಸರು ಭೀಮೇಶ್. ಭದ್ರಾವತಿಯ ನ್ಯೂ ಟೌನ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು.

"ಏನಂದ್ರಿ?"

"ಎಂಟನೇ ಕ್ಲಾಸಿನ ಪ್ರಶ್ನೆ ಸಾರ್ ಅವು! ಕನ್ನಡ ಪಾಠ ಮಾಡೋ ಬಸವರಾಜೇಶ್ವರಿ ಮೇಡಂಗೇ ಹತ್ತಕ್ಕೆ ಎಂಟು ಬಂದಿದೆ. ವಿಜ್ಞಾನದ ಮೇಷ್ಟ್ರಿಗೆ ಹತ್ತಕ್ಕೆ ಒಂದು ಅಂದ್ರೆ ಯಾರು ನಂಬ್ತಾರೆ? ನನ್ನ ಸೆಷನ್ ಹಾಳು ಮಾಡಬೇಕು ಅಂತಲೇ ಒತ್ತಿದ್ದು ನೀವು!"

ಭೀಮೇಶ್ ಅವಳನ್ನೇ ನೋಡಿದ. ಏನೋ ಹೇಳಲು ತುಟಿ ತೆರೆದವನು ಹಾಗೇ ಮುಚ್ಚಿಕೊಂಡ.

"ಹೌದು," ಅಂದ ಕೊನೆಗೆ. "ಬೇಕಂತಲೇ ಒತ್ತಿದೆ. ಏನೀಗ?"

ರಂಜಿನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಅಷ್ಟಕ್ಕೂ ಹತ್ತು ನಿಮಿಷದ ಹಿಂದೆ ಒಳಗೆ ನಡೆದದ್ದು ಇಷ್ಟೇ. ಶಿಕ್ಷಕರಿಗೆ ತಂತ್ರಜ್ಞಾನ ಕಲಿಸುವ ಸಂಸ್ಥೆಯೊಂದರಲ್ಲಿ ರಂಜಿನಿಗೆ ಒಂದು ವರ್ಷದ ಗುತ್ತಿಗೆ ಕೆಲಸ. ಊಟವಾದ ಮೇಲೆ ತೂಕಡಿಸುವುದು, ಸಂಜೆ ಹಾಜರಿ ಹಾಳೆಗೆ ಸಹಿ ಹಾಕಿ ಬಸ್ಸು ಹಿಡಿಯುವುದು... ತರಬೇತಿ ಎಂದರೆ ಇಷ್ಟೇ ಎಂದುಕೊಂಡ ಮೇಷ್ಟ್ರುಗಳನ್ನು ಎಬ್ಬಿಸಿ ಕೂರಿಸಬೇಕು ಎಂಬುದು ಅವಳ ಹಟ. ಅದಕ್ಕೇ ವಾರವಿಡೀ ಕೂತು ತಾನೇ ಒಂದು ಕ್ವಿಜ್ ತಯಾರಿಸಿದ್ದಳು.

ಪ್ರಶ್ನೆ ಮತ್ತು ನಾಲ್ಕು ಉತ್ತರ ದೊಡ್ಡ ಪರದೆಯ ಮೇಲೆ, ಒಂದೊಂದು ಉತ್ತರದ ಹಿಂದೆ ಒಂದೊಂದು ಬಣ್ಣ. ಕೈಯಲ್ಲಿರುವ ಫೋನಿನಲ್ಲಿ ಬರೀ ನಾಲ್ಕು ಬಣ್ಣದ ಬಟನ್. ಕೆಂಪು, ಹಸಿರು, ಕಿತ್ತಳೆ, ಕಂದು. ಪಕ್ಕದವರದ್ದು ನೋಡಿ ಒತ್ತುವ ಚಾಳಿ ಮಕ್ಕಳಿಗಿಂತ ಮೇಷ್ಟ್ರುಗಳಿಗೇ ಹೆಚ್ಚು ಎಂದು ಒಬ್ಬೊಬ್ಬರ ಫೋನಿನಲ್ಲೂ ಬಟನ್‌ಗಳ ಜಾಗವನ್ನು ಅದಲುಬದಲು ಮಾಡಿದ್ದಳು. ಎಷ್ಟು ಜಾಣೆ ನೋಡಿ!

ಅರವತ್ತು ಜನ ಚಿಕ್ಕ ಮಕ್ಕಳಾಗಿ ಆಡಿದರು. ಕೊನೆಗೆ ಪರದೆಯ ಮೇಲೆ ಅಂಕಪಟ್ಟಿ ಬಂತು. ಎಲ್ಲರಿಗಿಂತ ಕೆಳಗೆ, ಭೀಮೇಶ್, ವಿಜ್ಞಾನ, ಹತ್ತಕ್ಕೆ ಒಂದು.

ಹಾಲ್ ಗೊಳ್ಳೆಂದಿತು. ರಂಜಿನಿಯ ಕೈಯಲ್ಲಿ ಮೈಕ್ ಇತ್ತು. ಗೆದ್ದ ಖುಷಿಯೂ ಇತ್ತು.

"ಭೀಮೇಶ್ ಸಾರ್ ಕನಸು ಕಾಣ್ತಿದ್ರು ಅನ್ಸುತ್ತೆ! ಅವರನ್ನ ಎಬ್ಬಿಸೋಕೆ ಎಲ್ಲರೂ ಒಂದು ಮಳೆ ಚಪ್ಪಾಳೆ ಹೊಡೀರಿ!"

ಒಂದು ಬೆರಳು, ಎರಡು ಬೆರಳು, ಮೂರು ಬೆರಳು... ಚಪ್ಪಾಳೆ ಜಡಿಮಳೆಯ ಸದ್ದಿನಂತೆ ಏರುತ್ತಾ ಹೋಯಿತು. ಭೀಮೇಶ್ ಎದ್ದು ಬಾಗಿಲು ತಳ್ಳಿಕೊಂಡು ಹೊರಗೆ ಬಂದಿದ್ದ.

"ಕ್ಷಮೆ ಕೇಳಬೇಕು ಅಂತ ನಿಮ್ಮ ಹಿಂದೆ ಬಂದೆ ನಾನು," ರಂಜಿನಿ ಈಗ ಹಲ್ಲು ಕಚ್ಚಿ ಅಂದಳು. "ಇನ್ನು ಕೇಳಲ್ಲ!"

"ಬೇಡ. ನಿಮ್ಮ ಕ್ಷಮೆ ಕಟ್ಕೊಂಡು ನನಗೇನಾಗಬೇಕು? ಇದು ತರಬೇತಿ ಅಲ್ಲ ಮೇಡಂ, ಮೇಷ್ಟ್ರುಗಳನ್ನ ಕೋತಿ ಕುಣಿಸೋ ಆಟ. ನಾನು ಬರೆದು ಕೊಡ್ತೀನಿ."

"ಬರ್ಕೊಡಿ! ಹೆಸರು ಹಾಕಿ ಬರ್ಕೊಡೋ ಧೈರ್ಯ ಇದ್ರೆ!"

ಧೈರ್ಯ ಇತ್ತು. ಮೂರನೇ ದಿನ ದೂರು ಕಚೇರಿ ತಲುಪಿತು. ಎರಡು ಪುಟ, ಮುತ್ತಿನಂಥ ಅಕ್ಷರ, ಕೆಳಗೆ ಪೂರ್ತಿ ಹೆಸರು ಮತ್ತು ಸಹಿ.

---

ತರಬೇತಿಗಳನ್ನು ನೋಡಿಕೊಳ್ಳುವ ಅಧಿಕಾರಿ ಶಂಕರನಾರಾಯಣ ಅವರದ್ದು ಒಂದು ಹಳೆಯ ಅಭ್ಯಾಸ. ಊಟ ಸರಿಯಿಲ್ಲ ಎಂದವರಿಗೆ ಊಟದ ಉಸ್ತುವಾರಿ, ಕುರ್ಚಿ ಸಾಲದು ಎಂದವರಿಗೆ ಕುರ್ಚಿಯ ಉಸ್ತುವಾರಿ ವಹಿಸಿಬಿಡುವುದು! ಮುಂದಿನ ಸಲ ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಮುಂದಿನ ತಿಂಗಳು ಭದ್ರಾವತಿಯಲ್ಲಿ ಮೂರು ದಿನದ ತರಬೇತಿ ಇದೆ," ಅಂದರು ಇಬ್ಬರನ್ನೂ ಎದುರು ಕೂರಿಸಿಕೊಂಡು. "ಇಬ್ಬರೂ ಸೇರಿ ಪ್ಲಾನ್ ಮಾಡಿ."

"ಸಾರ್, ಇವರ ಜೊತೆನಾ?" ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು.

"ಇವರ ಜೊತೆಗೇ. ಮತ್ತೆ ರಂಜಿನಿ, ಒಂದು ಮಾತು ನೇರವಾಗಿ ಹೇಳ್ತೀನಿ. ನಿಮ್ಮ ಗುತ್ತಿಗೆ ಮುಂದುವರಿಸೋ ಫೈಲ್ ನನ್ನ ಮೇಜಿನ ಮೇಲಿದೆ. ಅದರ ಮೇಲೇ ಈ ದೂರೂ ಇದೆ. ಭದ್ರಾವತಿ ಚೆನ್ನಾಗಿ ನಡೆದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ಆ ತಿಂಗಳಿಗೇ ಕೊನೆ."

ಈ ಕೆಲಸ ರಂಜಿನಿಗೆ ಬರೀ ಕೆಲಸವಾಗಿರಲಿಲ್ಲ. ಓದುವಾಗಿಂದ ಅವಳಿಗೆ ಬೇಕಿದ್ದದ್ದು ಇದೊಂದೇ.

'ಇವನಿಂದ ಹೋಗುತ್ತೆ ನನ್ನ ಕೆಲಸ... ಇವನೊಬ್ಬನಿಂದ!'

ಮೊದಲ ಶನಿವಾರದ ಮೀಟಿಂಗ್ ಶುರುವಾಗಿ ಐದು ನಿಮಿಷಕ್ಕೇ ಜಗಳ.

"ಸ್ವಾಗತಕ್ಕೆ ಹತ್ತು ನಿಮಿಷ. ಚಟುವಟಿಕೆಗೆ ಹದಿನೈದು. ಮಳೆ ಚಪ್ಪಾಳೆ ಐದು." ಭೀಮೇಶ್ ಅವಳ ಹಾಳೆಯನ್ನು ಗಟ್ಟಿಯಾಗಿ ಓದಿದ. "ಮೇಷ್ಟ್ರುಗಳು ಪ್ರಶ್ನೆ ಕೇಳೋಕೆ ಎಷ್ಟು ನಿಮಿಷ ಇಟ್ಟಿದ್ದೀರಿ?"

"ಕೊನೆಯಲ್ಲಿ ಉಳಿದ್ರೆ..."

"ಉಳಿಯಲ್ಲ. ಯಾವತ್ತೂ ಉಳಿಯಲ್ಲ. ಹನ್ನೊಂದು ವರ್ಷದಿಂದ ಕೂತಿದ್ದೀನಿ ಮೇಡಂ ಇಂಥ ತರಬೇತಿಲಿ. ಒಬ್ಬರಾದ್ರೂ ನಿಮ್ಮ ಶಾಲೇಲಿ ಏನು ಕಷ್ಟ ಅಂತ ಕೇಳಿಲ್ಲ."

"ಹಾಗಾದ್ರೆ ನೀವೇ ಹೇಳಿ. ಏನು ಮಾಡಬೇಕು?"

"ತಮಗೆ ಕಷ್ಟ ಅನ್ಸೋ ಒಂದೊಂದು ಪಾಠ ಅವರೇ ತರಲಿ. ಆ ಪಾಠಕ್ಕೆ ಬೇಕಾದ್ದನ್ನ ಫೋನಲ್ಲಿ ಅಲ್ಲೇ ಕೂತು ಮಾಡ್ಕೊಳ್ಳಲಿ. ಸೋಮವಾರ ಶಾಲೆಗೆ ಹೋಗಿ ಅದನ್ನೇ ಬಳಸಲಿ. ಆಯ್ತಲ್ಲ!"

ರಂಜಿನಿ ಪೆನ್ನು ಕಚ್ಚಿಕೊಂಡಳು. ಸಿಟ್ಟು ಬಂದದ್ದು ಅವನು ತಪ್ಪು ಹೇಳಿದ್ದಕ್ಕಲ್ಲ, ಸರಿಯಾಗಿ ಹೇಳಿದ್ದಕ್ಕೆ.

"ನೋಡೋಣ," ಅಂದಳು ಬಿಗಿಯಾಗಿ. "ಎಲ್ಲಾನೂ ಶೀಟಲ್ಲಿ ಹಾಕಿ ಕಳಿಸ್ತೀನಿ. ಹಸಿರು ಮಾಡಿದ್ದು ಇರಲಿ, ಕೆಂಪು ಮಾಡಿದ್ದು ಬೇಡ ಅಂತ. ಕೆಂಪಿರೋದನ್ನ ನೀವು ಅಳಿಸಿ ಕಳಿಸಿ."

ಭೀಮೇಶನ ಮುಖ ಗಂಟಿಕ್ಕಿತು. "ಬಣ್ಣ ಯಾಕೆ? ಇರಲಿ, ಬೇಡ ಅಂತ ಬರೆದುಬಿಡಿ."

"ಬಣ್ಣ ನೋಡೋಕೂ ಕಷ್ಟನಾ ನಿಮಗೆ?"

ಅವನು ತಟಕ್ಕನೆ ಎದ್ದ. ಅವನ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಕಳಿಸಿ," ಅಂದು ಹೊರಟುಹೋದ.

'ಎಷ್ಟು ಜಂಬ! ಒಂದು ಸಣ್ಣ ಮಾತಿಗೂ...'

---

ಮಲವಗೊಪ್ಪದ ಮನೆಯಲ್ಲಿ ಆ ಭಾನುವಾರ ಬೆಳಿಗ್ಗೆ ರಂಜಿನಿ ಒಂದು ದೊಡ್ಡ ಮನಸ್ಸು ಮಾಡಿದಳು. ಶೀಟಿನಲ್ಲಿ ತನ್ನ ಪ್ರೀತಿಯ ಮಳೆ ಚಪ್ಪಾಳೆಗೆ ಕೆಂಪು ಬಳಿದಳು. ಕ್ವಿಜ್‌ಗೂ ಕೆಂಪು. ಅವನು ಹೇಳಿದ 'ಕಷ್ಟದ ಪಾಠ ತನ್ನಿ' ಎಂಬುದಕ್ಕೆ ಹಸಿರು. ಬಾಯಿಬಿಟ್ಟು 'ನೀವು ಹೇಳಿದ್ದು ಸರಿ' ಎನ್ನಲು ಅವಳಿಗಾಗದು. ಬಣ್ಣದಲ್ಲಿ ಹೇಳಿದಳು. ಕಳಿಸಿದ ಮೇಲೆ ಫೋನನ್ನು ಹತ್ತು ಸಲ ತೆಗೆದು ನೋಡಿದಳು.

"ಏನೇ ಅದು, ಫೋನ್ ಬಿಟ್ಟು ಅಲ್ಲಾಡ್ತಾನೇ ಇಲ್ಲ?" ಅಮ್ಮ ಉಚ್ಚಂಗಮ್ಮ ರೊಟ್ಟಿ ತಟ್ಟುತ್ತಾ ಕೇಳಿದರು.

"ಆ ಭದ್ರಾವತಿ ಮೇಷ್ಟ್ರು ಶೀಟ್ ಕಳಿಸಬೇಕು ಕಣಮ್ಮ."

"ಒಂದು ವಾರದಿಂದ ಅವರನ್ನ ಬೈದಿದ್ದೇ ಬೈದಿದ್ದು. ಬೇರೆ ಮಾತೇ ಇಲ್ವಲ್ಲೇ ಮಾರಾಯ್ತಿ ನಿಂಗೆ!"

"ಬೈಯೋ ಹಾಗೇ ಇದ್ದಾರೆ ಅವರು!"

ಮಧ್ಯಾಹ್ನ ಶೀಟ್ ಬಂತು. ರಂಜಿನಿ ಓಡಿಹೋಗಿ ತೆರೆದಳು.

ಮಳೆ ಚಪ್ಪಾಳೆ ಹಾಗೇ ಇತ್ತು. ಕ್ವಿಜ್ ಹಾಗೇ ಇತ್ತು. 'ಕಷ್ಟದ ಪಾಠ ತನ್ನಿ' ಮಾತ್ರ ಅಳಿಸಿಹೋಗಿತ್ತು! ತನ್ನದೇ ಸಲಹೆಯನ್ನು ತಾನೇ ಕಿತ್ತೆಸೆದಿದ್ದ. ಕೆಳಗೊಂದು ಸಾಲು. 'ನಿಮಗೆ ಚಪ್ಪಾಳೆಯೇ ಹೆಚ್ಚಾಯಿತು. ನಿಮ್ಮಿಷ್ಟದಂತೆಯೇ ಮಾಡಿಕೊಳ್ಳಿ. ನನ್ನನ್ನು ಬಿಟ್ಟುಬಿಡಿ.'

ಅವಳ ಕಣ್ಣು ತುಂಬಿ ಬಂತು. 'ನಾನು ಸೋತು ಒಂದು ಹೆಜ್ಜೆ ಮುಂದಿಟ್ಟರೆ ಹೀಗೆ ಅವಮಾನ ಮಾಡೋದಾ? ನನ್ನ ಜೊತೆ ಸೇರೋದು ಬೇಡ ಅಂತ ತನ್ನ ಸಲಹೆನೇ ಅಳಿಸಿಕೊಳ್ಳೋಷ್ಟು ದ್ವೇಷನಾ?'

ಮಾರನೆಯ ದಿನವೇ ಅವಳು ಭದ್ರಾವತಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬಯ್ಗುಳಗಳನ್ನು ಒಂದಾದ ಮೇಲೊಂದು ಜೋಡಿಸಿಕೊಂಡಳು. ಒಳ್ಳೊಳ್ಳೆಯವೇ ಸಿಕ್ಕವು.

---

ಶಾಲೆಯಲ್ಲಿ ಭೀಮೇಶ್ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಮುಖ ಕಪ್ಪಿಟ್ಟಿತು.

"ಬೆಲ್ ಹೊಡೆಯೋವರೆಗೂ ಕಾಯಿರಿ," ಅಂದ ಗಡುಸಾಗಿ. "ಜಗಳ ಆಮೇಲೆ."

"ಕಾಯ್ತೀನಿ. ಇಲ್ಲೇ!" ಅಂದವಳು ಹೋಗಿ ಕೊನೆಯ ಬೆಂಚಿನಲ್ಲಿ ಕೂತೇಬಿಟ್ಟಳು.

ಆಮ್ಲ, ಪ್ರತ್ಯಾಮ್ಲದ ಪಾಠ. ಮೇಜಿನ ಮೇಲೆ ಮಕ್ಕಳೇ ತುಂಬಿ, ಅಂಕಿ ಮಾತ್ರ ಬರೆದಿಟ್ಟ ಲೋಟಗಳಲ್ಲಿ ನಿಂಬೆರಸ, ಸೋಪಿನ ನೀರು, ಬರೀ ನೀರು. ಯಾವುದರಲ್ಲಿ ಏನಿದೆ ಎಂದು ಮೇಷ್ಟ್ರಿಗೂ ಗೊತ್ತಿಲ್ಲ. ಒಬ್ಬೊಬ್ಬರಾಗಿ ಮಕ್ಕಳು ಬಂದು ಪಿಎಚ್ ಪೇಪರ್ ಅದ್ದುತ್ತಿದ್ದರು.

"ಏನಾಯ್ತು? ನೋಡಿದವರು ಹೇಳಬೇಕು. ನಾನು ಹೇಳಲ್ಲ!"

"ಹಸಿರು ಸಾರ್!"

"ಎಲ್ಲರೂ ಒಪ್ತೀರಾ? ಒಪ್ಪದವರು ಎದ್ದು ಬನ್ನಿ. ನಿಮ್ಮ ಕಣ್ಣಾರೆ ನೋಡಿ ಹೇಳಿ."

ನಲವತ್ತು ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡರು. ವಾದ ಮಾಡಿದರು, ಮತ್ತೆ ಅದ್ದಿ ನೋಡಿದರು. ಒಬ್ಬರೂ ಆಕಳಿಸಲಿಲ್ಲ. ರಂಜಿನಿ ಬಯ್ಗುಳಗಳನ್ನು ಮರೆತು ಮುಂದಕ್ಕೆ ಬಾಗಿದಳು. ಪ್ರೊಜೆಕ್ಟರ್ ಇಲ್ಲ, ಫೋನ್ ಇಲ್ಲ... ಇಂಥ ತರಗತಿಯನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

'ಛೆ! ಈ ಸಿಡುಕನಿಗೆ ಇಷ್ಟು ಚೆನ್ನಾಗಿ ಪಾಠ ಮಾಡೋಕೆ ಬರಬೇಕಾ?'

ಅಮೂಲ್ಯ ಎಂಬ ತುಂಟ ಹುಡುಗಿಯ ಸರದಿ ಬಂತು. ಮೂರನೇ ಲೋಟಕ್ಕೆ ಪೇಪರ್ ಅದ್ದಿ ಎತ್ತಿ ಹಿಡಿದಳು. ಕೊನೆಯ ಬೆಂಚಿಗೂ ಕಾಣುವಷ್ಟು ಕೆಂಪಾಗಿತ್ತು. ಗೆಳತಿಯರತ್ತ ಕಣ್ಣು ಮಿಟುಕಿಸಿ ಹುಡುಗಿ ಅಂದಳು, "ಹಸಿರು ಸಾರ್!"

ಪೇಪರ್ ಭೀಮೇಶನ ಕಣ್ಣಿನಿಂದ ಒಂದು ಅಡಿ ದೂರದಲ್ಲಿತ್ತು. ಅವನು ಅದನ್ನು ನೋಡಿದ. ತಿರುಗಿ ಬೋರ್ಡಿನ ಮೇಲೆ 'ಮೂರನೇ ಲೋಟ, ಹಸಿರು' ಎಂದು ಬರೆದ.

ತರಗತಿ ಕಿಸಕ್ಕೆಂದಿತು.

"ಸಾರ್, ಸುಳ್ಳು! ಅದು ಕೆಂಪು!"

ಸೀಮೆಸುಣ್ಣ ಹಿಡಿದ ಅವನ ಕೈ ಅಲ್ಲೇ ನಿಂತಿತು. ಒಂದೇ ಕ್ಷಣ. ಆಮೇಲೆ ಅಳಿಸಿ, ನಗುತ್ತಾ ತಿರುಗಿದ. "ಯಾರ್ಯಾರು ಗಮನ ಕೊಡ್ತಿದ್ದೀರಿ ಅಂತ ನೋಡ್ತಿದ್ದೆ! ಅಮೂಲ್ಯ, ಹೋಗಿ ಕೂತ್ಕೋ."

ಮಕ್ಕಳು ನಂಬಿದರು. ಆದರೆ ಹಿಂದೆ ಕೂತಿದ್ದವಳಿಗೆ ಅವನ ಹಣೆಯಲ್ಲಿ ಮೂಡಿದ ಬೆವರು ಕಂಡಿತು.

ರಂಜಿನಿ ಒಂದೊಂದನ್ನೇ ಜೋಡಿಸಿದಳು. ಕೆಂಪು, ಹಸಿರು, ಕಿತ್ತಳೆ, ಕಂದು... ಅದಲುಬದಲಾದ ಬಟನ್‌ಗಳು... ಹತ್ತಕ್ಕೆ ಒಂದು... 'ಬಣ್ಣ ಯಾಕೆ, ಬರೆದುಬಿಡಿ'... ತಾನೇ ಅಳಿಸಿಕೊಂಡ ಸಲಹೆ...

ಆ ಶೀಟಿನಲ್ಲಿ ಯಾವುದು ಕೆಂಪು, ಯಾವುದು ಹಸಿರು ಎಂದು ಅವನಿಗೆ ತಿಳಿದಿರಲೇ ಇಲ್ಲ! ತಾನು ಚಪ್ಪಾಳೆಯನ್ನು ಉಳಿಸಿಕೊಂಡು ಅವನ ಮಾತನ್ನು ಕಸಕ್ಕೆ ಹಾಕಿದೆ ಎಂದುಕೊಂಡಿದ್ದ.

'ಬಣ್ಣ ನೋಡೋಕೂ ಕಷ್ಟನಾ ನಿಮಗೆ?' ಎಂದಿದ್ದಳು ತಾನು. ಅರವತ್ತು ಜನರಿಂದ ಚಪ್ಪಾಳೆ ಹೊಡೆಸಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

---

ಬೆಲ್ ಹೊಡೆಯಿತು. ಮಕ್ಕಳು ಹೊರಗೆ ಹೋದ ಮೇಲೆ ಭೀಮೇಶ್ ಕೈ ಕಟ್ಟಿ ನಿಂತ.

"ಹೂಂ, ಶುರು ಮಾಡಿ. ಏನೇನು ಬೈಬೇಕು ಅಂತ ಬಂದಿದ್ದೀರಿ?"

ರಂಜಿನಿಗೆ ಒಂದೂ ನೆನಪಾಗಲಿಲ್ಲ. ನೆಲ ನೋಡುತ್ತಾ ಹೇಳಿದಳು, "ಶೀಟ್ ಮತ್ತೆ ಕಳಿಸ್ತೀನಿ ಸಾರ್. ಈ ಸಲ... ಇರಲಿ, ಬೇಡ ಅಂತ ಬರೆದು ಕಳಿಸ್ತೀನಿ."

ಅಷ್ಟೇ ಸಾಕಾಯಿತು. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಗೊತ್ತಾಯ್ತಾ?"

ಅವಳು ತಲೆಯಾಡಿಸಿದಳು.

"ಒಳ್ಳೇದಾಯ್ತು," ಅಂದ, ಪ್ರತಿ ಮಾತನ್ನೂ ಕಚ್ಚಿ ಕಚ್ಚಿ. "ಇನ್ನೊಂದು ಸಲ ಮೈಕ್ ಹಿಡಿದು ಹೇಳಿ ಎಲ್ಲರಿಗೂ. ವಿಜ್ಞಾನದ ಮೇಷ್ಟ್ರಿಗೆ ಕೆಂಪು, ಹಸಿರು ಗೊತ್ತಾಗಲ್ವಂತೆ ಅಂತ. ಎರಡು ಮಳೆ ಚಪ್ಪಾಳೆ ಹೊಡೆಸಿ!"

"ಭೀಮೇಶ್ ಸಾರ್, ನಾನು..."

"ಎರಡು ವರ್ಷದ ಹಿಂದೆ ನವುಲೆಗೆ ಹೆಣ್ಣು ನೋಡೋಕೆ ಹೋಗಿದ್ದೆ. ಮುಚ್ಚಿಡಬಾರದು ಅಂತ ಹೇಳಿದೆ. ಒಂದು ವಾರದಲ್ಲಿ ನೆಂಟರಿಗೆಲ್ಲ ಏನು ಸುದ್ದಿ ಹೋಯ್ತು ಗೊತ್ತಾ? ಹುಡುಗನಿಗೆ ಕಣ್ಣೇ ಕಾಣಲ್ವಂತೆ! ಅಲ್ಲಿಂದ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ನಿಮ್ಮ ಅಯ್ಯೋ ಪಾಪ ನನಗೆ ಬೇಡ. ಹೊರಡಿ!"

ಈಗ ಮಾತ್ರ ರಂಜಿನಿ ತಲೆ ಎತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು, ಅದರ ಜೊತೆ ಕಿಡಿಯೂ ಇತ್ತು.

"ಅಯ್ಯೋ ಪಾಪ ಅಂತ ಯಾರು ಅಂದ್ರು? ನನಗೆ ಸಿಟ್ಟು ಬಂದಿದೆ! ಅವತ್ತು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ನಿಮಗೆ? ಬೇಕಂತಲೇ ಒತ್ತಿದೆ ಅಂತ ಸುಳ್ಳು ಹೇಳಿ, ನನ್ನ ಮೇಲೆ ದೂರು ಬರೆದು... ನನ್ನ ತಪ್ಪು ಏನು ಅಂತ ನನಗೇ ಗೊತ್ತಾಗದ ಹಾಗೆ ಮಾಡಿದ್ರಲ್ಲ! ತಪ್ಪು ತೋರಿಸದೆ ಬರೀ ಸೊನ್ನೆ ಹಾಕೋ ಮೇಷ್ಟ್ರು ಎಂಥ ಮೇಷ್ಟ್ರು ಸಾರ್?"

ಭೀಮೇಶ್ ಬೆಚ್ಚಿದ. ಅವಳು ನಿಲ್ಲಿಸಲಿಲ್ಲ.

"ಚಪ್ಪಾಳೆ ಹೊಡೆಸಿದ್ದು ತಪ್ಪು. ನೂರು ಸಲ ತಪ್ಪು. ಕ್ಷಮಿಸಿ. ಆದರೆ ನೀವು ಅಳಿಸಿದ್ರಲ್ಲ, ಆ ಸಲಹೆ, ಅದನ್ನ ನಾನು ಹಸಿರು ಮಾಡಿದ್ದೆ. ಚಪ್ಪಾಳೆಗೆ ಕೆಂಪು ಹಾಕಿದ್ದೆ. ನೀವೇ ಸರಿ ಅಂತ ಒಪ್ಕೊಂಡು ಕಳಿಸಿದ್ದೆ. ಅದನ್ನ ಹೇಳೋಕೆ ಬಂದಿರಲಿಲ್ಲ ನಾನು, ಬೈಯೋಕೆ ಬಂದಿದ್ದೆ. ಈಗ ಹೇಳಿದೆ. ಬರ್ತೀನಿ!"

ಅವಳು ಮೆಟ್ಟಿಲಿಳಿದು ಗೇಟು ದಾಟುವವರೆಗೂ ಅವನು ಕಿಟಕಿಯಲ್ಲಿ ನಿಂತಿದ್ದ. ಅದನ್ನು ರಂಜಿನಿ ನೋಡಲಿಲ್ಲ. ನೋಡಿದ್ದರೆ ಆ ರಾತ್ರಿ ಅಷ್ಟು ಅಳುತ್ತಿರಲಿಲ್ಲವೇನೋ.

---

ಮುಂದಿನ ಶನಿವಾರ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಕ್ಷಮೆಯ ಮಾತಿಲ್ಲ, ನಗುವಿಲ್ಲ. ಕುರ್ಚಿ ಎಳೆದುಕೊಂಡು, "ಮೊದಲ ದಿನದ ಬೆಳಗಿನದ್ದು ತೆಗೀರಿ," ಅಂದ.

ಮತ್ತೆ ಜಗಳ ಶುರು. ಆದರೆ ಈಗ ಜಗಳ ಕೆಲಸದ ಮೇಲೆ ಮಾತ್ರ. ಆರು ಜನಕ್ಕೆ ಒಂದು ಗುಂಪೋ, ನಾಲ್ಕು ಜನಕ್ಕೋ? ಫೋನಿನಲ್ಲಿ ಪಳಗಿದವರನ್ನು ಒಂದು ಕಡೆ ಕೂರಿಸಬೇಕೋ, ಹೆದರುವವರ ಪಕ್ಕ ಕೂರಿಸಬೇಕೋ?

"ಗೊತ್ತಿರೋರು ಗೊತ್ತಿಲ್ಲದವರ ಫೋನ್ ಮುಟ್ಟಬಾರದು," ಅಂದ ಭೀಮೇಶ್. "ಬಾಯಲ್ಲಿ ಹೇಳಬೇಕು ಅಷ್ಟೇ. ಕಿತ್ಕೊಂಡು ಮಾಡಿಕೊಟ್ರೆ ಯಾರು ಕಲೀತಾರೆ?"

"ಅಬ್ಬಾ, ಒಂದು ಒಳ್ಳೆ ಮಾತು ಬಂತು ನಿಮ್ಮ ಬಾಯಿಂದ!"

"ಬರ್ಕೊಳ್ಳಿ, ಮತ್ತೆ ಬರಲ್ಲ."

ರಂಜಿನಿ ನಗು ತಡೆಯಲು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. 'ನಗಬೇಡ ರಂಜಿನಿ... ಇವನು ನಿನ್ನ ಕೆಲಸಕ್ಕೆ ಕುತ್ತು ತಂದವನು.' ಮನಸ್ಸು ಕೇಳಬೇಕಲ್ಲ! ಶನಿವಾರ ಎಂದು ಬರುತ್ತದೋ ಎಂದು ಆಗಲೇ ಬೆರಳು ಮಡಿಸುತ್ತಿತ್ತು.

ಅವನ ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಕೂಡ.

---

ಭದ್ರಾವತಿಯ ತರಬೇತಿಗೆ ಮೊದಲ ದಿನ ಬಂದವರು ಎಂದಿನಂತೆ ಹಿಂದಿನ ಸಾಲು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸಾಲು ಎಂಬುದೇ ಉಳಿಯಲಿಲ್ಲ. ಕುರ್ಚಿಗಳೆಲ್ಲ ಗುಂಪುಗಳಾಗಿದ್ದವು. ಅಂಕಪಟ್ಟಿ ಇಲ್ಲ, ಚಪ್ಪಾಳೆ ಇಲ್ಲ. ಬಸವರಾಜೇಶ್ವರಿ ಮೇಡಂ ಹಳಗನ್ನಡದ ಪದ್ಯವನ್ನು ತಾವೇ ಓದಿ, ಫೋನಿನಲ್ಲಿ ದನಿ ಮುದ್ರಿಸಿ, ಸಾಲಿಗೊಂದು ಚಿತ್ರ ಜೋಡಿಸಿದರು. ಟೀ ಬಂದಿದೆ ಎಂದು ಮೂರು ಸಲ ಕೂಗಿದರೂ ಯಾರೂ ಏಳಲಿಲ್ಲ!

ಮೂರನೆಯ ದಿನ ಸಂಜೆ ಶಂಕರನಾರಾಯಣ ಬಂದರು. ಎಲ್ಲರ ಕೆಲಸ ನೋಡಿ ಮೆಚ್ಚಿದರು. ಆಮೇಲೆ ಬ್ಯಾಗಿನಿಂದ ಫೈಲ್ ತೆಗೆದರು.

"ಎಲ್ಲಾ ಚೆನ್ನಾಗಿದೆ. ಆದರೆ ಈ ದೂರು ಮುಗಿಸದೆ ನಾನು ಸಹಿ ಹಾಕೋ ಹಾಗಿಲ್ಲ. ಶಿವಮೊಗ್ಗದ ಕ್ವಿಜ್‌ನಲ್ಲಿ ಶಿಕ್ಷಕರಿಗೆ ಅವಮಾನ ಆಯ್ತು ಅಂತಿದೆ. ಅವತ್ತು ಇದ್ದವರೇ ಇಲ್ಲಿ ಅರ್ಧ ಜನ ಇದ್ದೀರಿ. ರಂಜಿನಿ, ನಿಮ್ಮ ವಿವರಣೆ ಏನು?"

ಎಲ್ಲರೂ ಅವಳತ್ತ ತಿರುಗಿದರು.

"ತಪ್ಪು ನನ್ನದು ಸಾರ್," ಅಂದಳು ರಂಜಿನಿ.

"ಏನು ತಪ್ಪು? ಉಳಿದವರೆಲ್ಲ ಖುಷಿಯಾಗಿ ಆಡಿದ್ದಾರೆ. ಒಬ್ಬರು ಮಾತ್ರ ಬೇಕಂತಲೇ ತಪ್ಪು ಒತ್ತಿದ್ರು ಅಂತ ನೀವೇ ಆವತ್ತು ಹೇಳಿದ್ರಂತೆ. ಅದು ನಿಜ ಆದ್ರೆ ದೂರಿಗೆ ಅರ್ಥ ಇಲ್ಲ. ಹೌದಾ, ಅಲ್ವಾ?"

ಹೌದು ಎಂದರೆ ಕೆಲಸ ಉಳಿಯುತ್ತದೆ. ಅವನೇ ಒಪ್ಪಿಕೊಂಡ ಸುಳ್ಳು ಅದು. ಒಂದೇ ಒಂದು ಮಾತು...

"ಅಲ್ಲ ಸಾರ್. ಅವರು ಬೇಕಂತ ಒತ್ತಲಿಲ್ಲ. ಕ್ವಿಜ್ ಸರಿ ಇರಲಿಲ್ಲ."

"ಏನು ಸರಿ ಇರಲಿಲ್ಲ?"

"ಅದನ್ನ... ಹೇಳೋಕಾಗಲ್ಲ ಸಾರ್."

"ಕಾರಣ ಹೇಳದೆ ಇದ್ರೆ ನಾನು ಏನಂತ ಬರೀಲಿ?" ಶಂಕರನಾರಾಯಣ ಪೆನ್ನಿನ ಕ್ಯಾಪ್ ತೆಗೆದರು. "ತಪ್ಪೊಪ್ಪಿಕೊಂಡಿದ್ದಾರೆ, ವಿವರಣೆ ಇಲ್ಲ ಅಂತಲೇ ಬರೀಬೇಕಾಗುತ್ತೆ. ಆಮೇಲೆ ಗುತ್ತಿಗೆ ಮುಂದುವರಿಯಲ್ಲ. ಯೋಚನೆ ಮಾಡಿ."

ರಂಜಿನಿ ತುಟಿ ಬಿಗಿ ಹಿಡಿದು ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. 'ಬರೀಲಿ. ಹೋಗಲಿ ಕೆಲಸ. ನನ್ನ ಬಾಯಿಂದ ಮಾತ್ರ ಬರಲ್ಲ...'

"ಸಾರ್, ಬರೀಬೇಡಿ."

ಕಿಟಕಿಯ ಪಕ್ಕದಿಂದ ಭೀಮೇಶ್ ಎದ್ದು ಬಂದ. ಅವನು ಏನು ಹೇಳಲಿದ್ದಾನೆ ಎಂದು ರಂಜಿನಿಗೆ ಮಾತ್ರ ತಿಳಿಯಿತು.

"ಬೇಡ," ಅಂದಳು ಪಿಸುದನಿಯಲ್ಲಿ. "ಭೀಮೇಶ್ ಸಾರ್, ಬೇಡ!"

ಅವನು ಅವಳ ಕಡೆ ನೋಡಲಿಲ್ಲ.

"ನನಗೆ ಕೆಂಪು, ಹಸಿರು ಗೊತ್ತಾಗಲ್ಲ ಸಾರ್. ಹುಟ್ಟಿದಾಗಿಂದ. ಆ ಕ್ವಿಜ್‌ನಲ್ಲಿ ಬರೀ ಬಣ್ಣ ನೋಡಿ ಒತ್ತಬೇಕಿತ್ತು. ಉತ್ತರ ಎಲ್ಲಾ ಗೊತ್ತಿತ್ತು, ಬಟನ್ ಗೊತ್ತಾಗಲಿಲ್ಲ. ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಬೇಕಂತ ಒತ್ತಿದೆ ಅಂತ ಸುಳ್ಳು ಹೇಳಿದೆ. ಈ ಮೇಡಂಗೆ ಮೂರು ವಾರದಿಂದ ಗೊತ್ತು. ಕೆಲಸ ಹೋಗುತ್ತೆ ಅಂದ್ರೂ ಹೇಳಲಿಲ್ಲ ನೋಡಿ."

 ಬಸವರಾಜೇಶ್ವರಿ ಮೇಡಂ ಎದ್ದರು. ಮಳೆ ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆದಿದ್ದವರು ಅವರೇ.

"ನಾವೂ ನಕ್ಕಿದ್ವಿ ಭೀಮೇಶ್. ತಪ್ಪಾಯ್ತಪ್ಪಾ," ಅಂದರು. ಅವರ ಸ್ವರ ಒಡೆದಿತ್ತು.

ಶಂಕರನಾರಾಯಣ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ದೂರು ವಾಪಸ್ ತಗೊಳ್ತೀರಾ?"

"ಇಲ್ಲ ಸಾರ್. ದೂರು ಸರಿಯಾಗೇ ಇದೆ. ಆ ಕ್ವಿಜ್ ಕೆಟ್ಟದ್ದು." ಹಾಲ್‌ನಲ್ಲಿ ಸಣ್ಣಗೆ ನಗು ಎದ್ದಿತು. "ಆದರೆ ಅದನ್ನ ಮಾಡಿದವರೇ ಈ ಮೂರು ದಿನಾನೂ ಮಾಡಿದ್ದಾರೆ. ಅದನ್ನೂ ಬರ್ಕೊಳ್ಳಿ. ಇವರನ್ನ ಕಳಿಸಿದ್ರೆ ನಷ್ಟ ನಮಗೆ."

ಶಂಕರನಾರಾಯಣ ಬರೆದುಕೊಂಡರು. ಸಹಿ ಹಾಕುವವರೆಗೂ ರಂಜಿನಿ ಆ ಪೆನ್ನನ್ನೇ ನೋಡುತ್ತಿದ್ದಳು.

---

ಎಲ್ಲರೂ ಹೊರಟ ಮೇಲೆ ಅವಳು ಪ್ರೊಜೆಕ್ಟರ್ ವೈರ್ ಸುತ್ತುತ್ತಿದ್ದಳು. ಭೀಮೇಶ್ ಇನ್ನೊಂದು ತುದಿ ಹಿಡಿದುಕೊಂಡ.

"ಯಾಕೆ ಹೇಳಿದ್ರಿ?" ಅವಳ ದನಿಯಲ್ಲಿ ಇನ್ನೂ ಅಳುವಿತ್ತು. "ನಾಳೆಯಿಂದ ಊರೆಲ್ಲಾ ಮಾತಾಡುತ್ತೆ."

"ಆಡಲಿ. ನೀವು ಯಾಕೆ ಹೇಳಲಿಲ್ಲ?"

"ನಿಮ್ಮದು ಅದು. ಹೇಳೋದಾದ್ರೆ ನೀವೇ ಹೇಳಬೇಕು."

ಅವನು ವೈರ್ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ನವುಲೆಯಿಂದ ಬಂದಾಗಿಂದ ಒಂದು ತೀರ್ಮಾನ ಮಾಡಿದ್ದೆ. ಯಾರ ಹತ್ತಿರಾನೂ ಹೋಗಬಾರದು, ಯಾರನ್ನೂ ಹತ್ತಿರ ಬಿಟ್ಕೋಬಾರದು ಅಂತ. ನೀವು ಬಂದು ಕೊನೇ ಬೆಂಚಲ್ಲಿ ಕೂತುಬಿಟ್ರಿ."

"ಬೈಯೋಕೆ ಬಂದಿದ್ದೆ."

"ಬೈದ್ರಿ ಕೂಡ. ಅಷ್ಟು ಚೆನ್ನಾಗಿ ನನ್ನನ್ನ ಯಾರೂ ಬೈದಿರಲಿಲ್ಲ."

ರಂಜಿನಿಗೆ ಅಳುವಿನ ನಡುವೆಯೇ ನಗು ಬಂತು. ವೈರ್ ಕೈಯಿಂದ ಜಾರಿತು. ಇಬ್ಬರೂ ಒಟ್ಟಿಗೆ ಬಗ್ಗಿದರು, ಬೆರಳು ತಾಗಿತು. ಯಾರೂ ಹಿಂದೆಗೆಯಲಿಲ್ಲ.

"ನನ್ನ ಮೇಲೆ ಇನ್ನೂ ಕೋಪ ಇದೆಯಾ?" ಕೇಳಿದಳು.

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ನೀವು ಎಷ್ಟು ದಿನ ಇರ್ತೀರಿ?"

"ಗುತ್ತಿಗೆ ಇನ್ನೊಂದು ವರ್ಷ ಇದೆ."

"ಅದರ ಮೇಲೆ?"

ರಂಜಿನಿ ತಲೆ ತಗ್ಗಿಸಿದಳು. "ಅದರ ಮೇಲಿಂದು... ಕೇಳಬೇಕಾದವರು ಕೇಳಬೇಕು."

"ಕೇಳ್ತಾ ಇದ್ದೀನಲ್ಲ."

"ಇದು ಕೇಳೋ ರೀತಿನಾ? ಸರಿಯಾಗಿ ಕೇಳಿ, ಭೀಮೇಶ್."

ಸಾರ್ ಇಲ್ಲದ ತನ್ನ ಹೆಸರು ಅವಳ ಬಾಯಲ್ಲಿ ಕೇಳಿ ಅವನ ಮುಖವೆಲ್ಲ ನಗುವಾಯಿತು. ಅವನಿಗೂ ನಗಲು ಬರುತ್ತಿತ್ತು!

"ನನ್ನನ್ನ ಮದುವೆ ಆಗ್ತೀಯಾ, ರಂಜಿನಿ?"

"ಆಗ್ತೀನಿ," ಅಂದಳು ಅವಳು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದು. "ನಾಳೆನೇ ಮಲವಗೊಪ್ಪಕ್ಕೆ ಬಾ. ಅಮ್ಮನಿಗೆ ನೀನೇ ಹೇಳು, ಎಲ್ಲಾನೂ. ಪಕ್ಕದಲ್ಲಿ ನಾನಿರ್ತೀನಿ."